ಶೇಕಡಾ ಹತ್ತರ ಬೆಳಕು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ಹಾಲು ಕಾಯಿಸಿ ಆಯಿತು. ಸ್ಟೀಲ್ ಪಾತ್ರೆ ಮುಟ್ಟಲಿಲ್ಲ, ಸದ್ದಾಗುತ್ತದೆ. ಸೊಸೆಯ ಕೋಣೆಯ ಕಿಟಕಿ ಪರದೆಗೆ ಬಟ್ಟೆ ಕ್ಲಿಪ್ಪು ಇನ್ನೂ ನಾಲ್ಕು ಹಾಕಿದೆ. ನಡುವಿನ ಸೀಳಿನಿಂದ ಕಡ್ಡಿಯಷ್ಟು ಬೆಳಕು ಬರುತ್ತಿತ್ತು. ಅಷ್ಟಕ್ಕೇ ಮುಖ ಕಿವುಚುತ್ತಾಳೆ, ಪಾಪ.

ಇವತ್ತಿಗೆ ನಾಲ್ಕನೇ ದಿನ. ಶುಕ್ರವಾರ ಅಡುಗೆಮನೆಯಲ್ಲಿ ಬಿದ್ದ ಚಮಚ ಹೆಕ್ಕಿಕೊಂಡು ಎದ್ದವಳಿಗೆ ಮೇಲಿನ ಕಪಾಟಿನ ಬಾಗಿಲ ಮೂಲೆ ತಲೆಗೆ ಬಡಿಯಿತು. ರಕ್ತ ಬರಲಿಲ್ಲ. "ಏನಿಲ್ಲ ಅತ್ತೆ" ಅಂದಳು. ಕೂತಳು. ಆಮೇಲೆ ವಾಂತಿ. ಸ್ಕ್ಯಾನಿಂಗ್‌ನಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲವಂತೆ, ಆದರೆ ಮೆದುಳು ಅಲುಗಿದೆಯಂತೆ. ಬೆಳಕು ಕಂಡರೆ ತಲೆ ಸಿಡಿಯುತ್ತದೆ. ಕತ್ತಲೆ, ನಿದ್ದೆ, ಎಳ್ಳಷ್ಟೂ ಸ್ಕ್ರೀನ್ ಇಲ್ಲ — ನರದ ಡಾಕ್ಟರು ಹೇಳಿದ್ದು ಇಷ್ಟೇ.

ಮಗ ಹಡಗಿನ ಇಂಜಿನ್ ಕೋಣೆಯಲ್ಲಿ. ಮೇ ತಿಂಗಳವರೆಗೆ ಬರುವುದಿಲ್ಲ. ಇರುವವರು ನಾವಿಬ್ಬರೇ.

ಕಪಾಟಿನ ಬಾಗಿಲು ತೆರೆದಿಟ್ಟವಳು ನಾನು. ಚಹಾಪುಡಿ ಡಬ್ಬಿ ತೆಗೆದು ಹಾಗೇ ಬಿಟ್ಟಿದ್ದೆ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಬ್ರೆಡ್ಡು ಕೊಡಲು ಹೋದರೆ ಹೊದಿಕೆಯ ಒಳಗಿಂದ ನೀಲಿ ಬೆಳಕು. ಕದ್ದು ಲ್ಯಾಪ್‌ಟಾಪ್ ತೆಗೆದಿದ್ದಾಳೆ! ಎಳೆದುಕೊಂಡೆ. ಕಣ್ಣು ಮುಚ್ಚಿಕೊಂಡೇ ಅಳುತ್ತಿದ್ದಳು. ನೋವಿಗೋ ಕೆಲಸಕ್ಕೋ ಗೊತ್ತಾಗಲಿಲ್ಲ.

ಇವಳ ಕೆಲಸ ಸಿನಿಮಾಗಳಿಗೆ ಕೆಳಗೆ ಅಕ್ಷರ ಬರೆಯುವುದು. ಕಿವಿ ಕೇಳದವರಿಗಾಗಿ. ಮಾತಷ್ಟೇ ಅಲ್ಲ, ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು, ಎಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಸಿನಿಮಾ ನೋಡುವ ಹುಡುಗಿ, ಒಳ್ಳೇ ಗಂಟು ಬಿತ್ತಲ್ಲ ಅಂದುಕೊಂಡಿದ್ದೆ. ಮೂರು ವರ್ಷ ಆಯಿತು. ಜಗಳ ಇಲ್ಲ. ಮಾತೂ ಅಷ್ಟಕ್ಕಷ್ಟೇ. ಉಪ್ಪು ಸಾಕಾ, ಗ್ಯಾಸ್ ಬಂತಾ, ಮಗ ಫೋನ್ ಮಾಡಿದನಾ.

ಈಗ ಕೈಯಲ್ಲಿರುವುದು ಮಕ್ಕಳ ಸಿನಿಮಾ. ಮುಚ್ಚಲಿರುವ ಒಂದು ರೈಲ್ವೆ ಸ್ಟೇಷನ್, ಅದರ ಮಾಸ್ತರ್, ಪ್ಲಾಟ್‌ಫಾರ್ಮ್ ಬಿಟ್ಟು ಕದಲದ ಒಂದು ಬಾತುಕೋಳಿ. ಏಪ್ರಿಲ್ ಐದಕ್ಕೆ ಕಿವುಡು ಮಕ್ಕಳ ಶಾಲೆಯಲ್ಲಿ ತೋರಿಸುತ್ತಾರೆ. ಮುಗಿದಿರುವುದು ಎಂಟು ನಿಮಿಷ. ಬಾಕಿ ಅರವತ್ತನಾಲ್ಕು.

"ಬೇರೆಯವರಿಗೆ ಕೊಡ್ಲಿ ಬಿಡೇ. ತಲೆಗಿಂತ ಹೆಚ್ಚಾ?"

"ಬೇರೆಯವ್ರಿಲ್ಲ ಅತ್ತೆ. ಮೆಷಿನ್ ಕೈಲಿ ಬರೆಸ್ತಾರಂತೆ. ಒಂದು ತುಣುಕು ಕಳ್ಸಿದ್ರು ನೋಡಿ. ಬಾತುಕೋಳಿ ಕೂಗಿದ ಕಡೆಯೆಲ್ಲ 'ಹೌದು ಹೌದು' ಅಂತ ಬರೆದಿದೆ."

ನಗು ಬಂತು. ಅವಳಿಗೂ. ನಕ್ಕಿದ್ದಕ್ಕೆ ತಲೆ ನೋವು ಜಾಸ್ತಿಯಾಗಿ ಮತ್ತೆ ಮಲಗಿದಳು.

ಮಾರ್ಚ್ 5, ಬುಧವಾರ. ಬೆಳಿಗ್ಗೆ 11

ಒಂದು ಯೋಚನೆ. ಅವಳು ನೋಡಬಾರದು, ಸರಿ. ಕೇಳಬಹುದಲ್ಲ? ಡಾಕ್ಟರಿಗೆ ಫೋನ್ ಮಾಡಿದೆ. ಸಣ್ಣ ಧ್ವನಿಯಲ್ಲಿ, ದಿನಕ್ಕೆ ಮೂರು ಸಲ, ಇಪ್ಪತ್ತಿಪ್ಪತ್ತು ನಿಮಿಷ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ನೋಯಿತೋ ನಿಲ್ಲಿಸಬೇಕು, ಅಂದರು. ನಾನು ನೋಡುತ್ತೇನೆ, ಬರೆಯುತ್ತೇನೆ. ಅವಳು ಕೇಳಿ ಹೇಳಲಿ. ಟೈಪಿಂಗ್ ಪರೀಕ್ಷೆ ಪಾಸಾದವಳು ನಾನು. ನಲವತ್ತು ವರ್ಷದ ಹಿಂದೆ, ಇರಲಿ.

ತೊಂದರೆ ಒಂದೇ. ಕೋಣೆಯೊಳಗೆ ಲ್ಯಾಪ್‌ಟಾಪ್ ತೆರೆದರೆ ಗೋಡೆಯೆಲ್ಲ ಬೆಳ್ಳಗೆ. ಪಟ್ಟಿ ಕಟ್ಟಿದರೂ ಅಂಚಿನಿಂದ ಬೆಳಕು ನುಗ್ಗುತ್ತದಂತೆ. ಹೊರಗೆ ಕೂತು ಮಾಡೋಣ ಅಂದರೆ ಅವಳಿಗೆ ಕೇಳುವಷ್ಟು ಜೋರಾಗಿ ಸದ್ದು ಇಡುವ ಹಾಗಿಲ್ಲ. ಬೆಳಕು ತಗ್ಗಿಸಬೇಕು. ಕೀಲಿಯ ಮೇಲೆ ಸೂರ್ಯನ ಚಿತ್ರ ಇದೆ, ಚಿಕ್ಕ ಸೂರ್ಯ, ದೊಡ್ಡ ಸೂರ್ಯ. ಚಿಕ್ಕ ಸೂರ್ಯನನ್ನು ಒತ್ತಿದೆ. ಒತ್ತಿದೆ, ಒತ್ತಿದೆ. ಕಲ್ಲಿನ ಮೇಲೆ ನೀರು ಸುರಿದ ಹಾಗೆ.

"ಹೋದ ತಿಂಗ್ಳು ಅಪ್‌ಡೇಟ್ ಆದಾಗಿಂದ ಹಂಗೇ ಅತ್ತೆ. ನಂಗೆ ಫುಲ್ ಬ್ರೈಟ್ ಇದ್ರೂ ನಡೀತಿತ್ತು, ತಲೆ ಕೆಡಿಸ್ಕೊಳ್ಳಲಿಲ್ಲ."

ರಾತ್ರಿ 8

ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಹೆಂಗಸು ಎತ್ತಿದಳು. ನಡುವಯಸ್ಸಿನ ಧ್ವನಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಮಾತಾಡುವ ಹಾಗೆ. ಆಮೇಲೆ ಕೇಳಿದೆ, ನಿಜವಾಗಿಯೂ ಕಚ್ಚಿಕೊಂಡೇ ಇದ್ದಳಂತೆ.

"ಸೆಟ್ಟಿಂಗ್ಸ್ ತೆಗೀರಿ ಅಮ್ಮಾ. ಸಿಸ್ಟಮ್. ಡಿಸ್‌ಪ್ಲೇ. ಬ್ರೈಟ್‌ನೆಸ್ ಅಂತ ಒಂದು ಗೆರೆ ಇರುತ್ತೆ ನೋಡಿ, ಎಳೆಯೋದು."

"ಗೆರೆ ಇಲ್ಲ."

"ಸರಿಯಾಗಿ ನೋಡಿ."

"ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಹಲಗೆ ಮೇಲೆ ಇನ್ನೂರು ತೂತು ನೋಡ್ಕೊಂಡು ಕೂತವಳು ನಾನು. ಇಲ್ಲ ಅಂದ್ರೆ ಇಲ್ಲ."

"ಹಾಗಿದ್ರೆ ಡ್ರೈವರ್ ಹೋಗಿದೆ" ಅಂದಳು.

ಪರದೆ ಒಂದು ಯಂತ್ರ, ಅದಕ್ಕೆ ಹೇಳುವವರು ಇನ್ನೊಬ್ಬರು. ನಡುವೆ ಮಾತು ಮುಟ್ಟಿಸುವವನು ಡ್ರೈವರ್. ಅವನಿಲ್ಲದೆ 'ಬೆಳಕು ತಗ್ಗಿಸು' ಅಂದರೂ ಪರದೆಗೆ ಕೇಳುವುದಿಲ್ಲ. ನನಗೆ ತಕ್ಷಣ ಅರ್ಥವಾಯಿತು. ಆಪರೇಟರ್ ರಜೆ ಹಾಕಿದ್ದಾನೆ. ಅಷ್ಟೇ ತಾನೇ?

"ಅಷ್ಟೇ" ಅಂದಳು. ನಗುತ್ತಿದ್ದಳು. ಅಂಗಡಿ ಮುಚ್ಚುವ ಹೊತ್ತಂತೆ. ನಾಳೆ ಮುಂದುವರಿಕೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 12

ಬಂತು! ಗೆರೆ ಬಂತು!

ಬರೆದಿಡುತ್ತೇನೆ, ಮರೆತೀನು. ಕೆಳಗಿನ ಪಟ್ಟಿಯ ಎಡಮೂಲೆಯ ಚೌಕದ ಮೇಲೆ ಬಲಗಡೆ ಗುಂಡಿ ಒತ್ತಬೇಕು. ಡಿವೈಸ್ ಮ್ಯಾನೇಜರ್. ಅದರೊಳಗೆ ಈ ಪೆಟ್ಟಿಗೆಯಲ್ಲಿರುವ ಎಲ್ಲರ ಹೆಸರೂ ಇದೆ — ಕೀಬೋರ್ಡು, ಕ್ಯಾಮೆರಾ, ಸ್ಪೀಕರು. ಒಂದು ಆಫೀಸಿನ ಹಾಜರಿ ಪುಸ್ತಕ. ಅದರಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಅನ್ನುವುದರ ಕೆಳಗೆ 'ಬೇಸಿಕ್' ಅಂತ ಒಬ್ಬ. ತಾತ್ಕಾಲಿಕ ನೌಕರ. ಅವನಿಗೆ ಪರದೆ ಹಚ್ಚುವುದು ಗೊತ್ತು, ತಗ್ಗಿಸುವುದು ಗೊತ್ತಿಲ್ಲ. ಅವನ ಮೇಲೆ ಬಲಗುಂಡಿ, ಅಪ್‌ಡೇಟ್ ಡ್ರೈವರ್. ನೀಲಿ ಗೆರೆ ಆಮೆಯ ಹಾಗೆ ಹೋಯಿತು. ಪರದೆ ಒಮ್ಮೆ ಕಪ್ಪಾಯಿತು. ಮಗ ಕೊಡಿಸಿದ್ದು, ಹಾಳು ಮಾಡಿಬಿಟ್ಟೆನಾ... ಮತ್ತೆ ಬಂತು. ಆಫ್ ಮಾಡಿ ಆನ್ ಮಾಡಿದೆ. ಬ್ರೈಟ್‌ನೆಸ್ ಗೆರೆ, ಪಕ್ಕದಲ್ಲಿ ಸೂರ್ಯ.

ಎಳೆದೆ. ನೂರು, ಎಪ್ಪತ್ತು, ನಲವತ್ತು, ಹತ್ತು. ಪೂರ್ತಿ ಸೊನ್ನೆಗೆ ತಂದರೆ ನನಗೇ ಕಾಣುವುದಿಲ್ಲ. ಹತ್ತರಲ್ಲಿ ಕನ್ನಡಕ ಹಾಕಿಕೊಂಡು ಮೂಗು ತಾಗಿಸಿದರೆ ಅಕ್ಷರ ಕಾಣುತ್ತದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು.

ಕೋಣೆಗೆ ಒಯ್ದೆ. ಪಟ್ಟಿ ಕಟ್ಟಿದ್ದಳು. "ಲ್ಯಾಪ್‌ಟಾಪ್ ತೆಗೆದಿದೀನಿ, ನೋಯುತ್ತಾ?" ಅಂದೆ.

"ತೆಗೆದಿದೀರಾ? ಯಾವಾಗ?"

ಅಬ್ಬಾ. ಕೆಲಸದಲ್ಲಿ ಪ್ರಮೋಷನ್ ಬಂದಾಗಲೂ ಇಷ್ಟು ಖುಷಿ ಆಗಿರಲಿಲ್ಲ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 10

ಎರಡು ದಿನದಲ್ಲಿ ಮೂರು ನಿಮಿಷದ ಸಿನಿಮಾ. ಹೀಗಾದರೆ ಮುಂದಿನ ವರ್ಷ ಮುಗಿಯುತ್ತದೆ. ಆದರೂ ಕೈ ಪಳಗುತ್ತಿದೆ.

ಇದರ ನಿಯಮಗಳೇ ಬೇರೆ. ಎರಡು ಸಾಲಿಗಿಂತ ಹೆಚ್ಚು ಬರೆಯಬಾರದು. ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು. ಮಾಸ್ತರ್ ಉದ್ದುದ್ದ ಮಾತಾಡಿದರೆ ಕತ್ತರಿಸಬೇಕು, ಆದರೆ ಆಸಾಮಿ ಅವನೇ ಅನ್ನಿಸಬೇಕು. ಅದು ನನಗೆ ಹೊಸದಲ್ಲ. ದೂರದ ಊರಿಗೆ ಟ್ರಂಕ್ ಕಾಲ್ ಅಂದರೆ ಮೂರೇ ನಿಮಿಷ. ಜನ ಎರಡೂವರೆ ನಿಮಿಷ "ಹಲೋ ಹಲೋ, ಚೆನ್ನಾಗಿದೀರಾ" ಅಂದು ಉಳಿದ ಅರ್ಧ ನಿಮಿಷದಲ್ಲಿ ಮಗು ಹುಟ್ಟಿದ್ದು ಹೇಳುತ್ತಿದ್ದರು.

ಒಂದು ಕಿರಿಕಿರಿ. ಕತ್ತಲೆಯ ದೃಶ್ಯ ಬಂದರೆ ಪರದೆ ತಾನಾಗಿ ಇನ್ನೂ ಮಂಕು, ಹಗಲಿನ ದೃಶ್ಯ ಬಂದರೆ ತಾನಾಗಿ ಬೆಳಕು. ನಾನು ಮುಟ್ಟಿಯೇ ಇಲ್ಲ. ರಿಪೇರಿಯಾಕೆಗೆ ಫೋನ್.

"ಬ್ರೈಟ್‌ನೆಸ್ ಪಕ್ಕ ಸಣ್ಣ ಬಾಣ ಇದೆಯಾ? ಒತ್ತಿ. ತಾನಾಗಿ ಬದಲಾಯಿಸೋದಕ್ಕೆ ಟಿಕ್ ಇರುತ್ತೆ. ತೆಗೀರಿ."

ತೆಗೆದೆ. ಈ ಮನೆಯಲ್ಲಿ ಹೇಳದೆ ಕೇಳದೆ ತೀರ್ಮಾನ ತೆಗೆದುಕೊಳ್ಳುವ ಹಕ್ಕು ನನಗೊಬ್ಬಳಿಗೇ.

ಮಾರ್ಚ್ 11, ಮಂಗಳವಾರ. ಸಂಜೆ

ಇವತ್ತು ನಾನು ಗೆದ್ದೆ.

ಹದಿನಾರನೇ ನಿಮಿಷ. ಮಾಸ್ತರ್ ಕೋಣೆಯಲ್ಲಿದ್ದಾನೆ, ಹೊರಗೆ ಯಾರೋ ನಡೆದು ಬರುವ ಸದ್ದು. "'ಹೆಜ್ಜೆ ಸದ್ದು' ಅಂತ ಹಾಕಿ ಅತ್ತೆ" ಅಂದಳು.

"ಯಾರ ಹೆಜ್ಜೆ?"

"ಯಾರದ್ದೋ."

"ಯಾರದ್ದೋ ಅಲ್ಲ ಕಣೇ. ಬೂಟು. ಎಡಗಾಲು ಎಳೀತಾನೆ. ಮೊದ್ಲು ಸಿಗ್ನಲ್ ಹತ್ರ ಬಂದಿದ್ನಲ್ಲ, ಆ ದೊಡ್ಡ ಆಫೀಸರ್. ಅವನೇ."

ಹಿಂದಕ್ಕೆ ಹಾಕಿಸಿಕೊಂಡು ಎರಡು ಸಲ ಕೇಳಿದಳು. ಅವನೇ. ಬಾಗಿಲು ತೆರೆದಾಗ ನನ್ನ ಕಣ್ಣಿಗೂ ಕಂಡ. ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ ಬಾಯಿ ಬಿಟ್ಟುಕೊಂಡು ಕೂತಿದ್ದಳು. "ಕುಂಟು ಹೆಜ್ಜೆಯ ಸದ್ದು" ಅಂತ ಬರೆದೆವು.

"ನನ್ ತಮ್ಮ ಇದನ್ನ ಓದಿದ್ರೆ ಕುಣಿದಾಡ್ತಾನೆ" ಅಂದಳು.

ತಮ್ಮ ಹುಟ್ಟು ಕಿವುಡ ಎಂದು ಗೊತ್ತಿತ್ತು. ಮದುವೆಯಲ್ಲಿ ನೋಡಿದ್ದೆ, ನಕ್ಕು ಕೈಮುಗಿದಿದ್ದ. ನಾನೂ ನಕ್ಕು ಕೈಮುಗಿದು ಆಚೆ ಹೋಗಿದ್ದೆ. ಇವತ್ತು ಕೇಳಿದೆ, ಮೂರು ವರ್ಷ ತಡವಾಗಿ. ಅವಳಿಗೆ ಎಂಟು, ಅವನಿಗೆ ಆರು. ಟಿವಿ ಮುಂದೆ ಸ್ಲೇಟು ಹಿಡಿದು ಕೂರುತ್ತಿದ್ದಳಂತೆ. ಯಾರು ಏನಂದರು ಅಂತ ಬಳಪದಲ್ಲಿ ಬರೆದು ಬರೆದು ತೋರಿಸುವುದು. ಅವನು ಓದುವಷ್ಟರಲ್ಲಿ ಇನ್ನೊಬ್ಬ ಮಾತಾಡಿರುತ್ತಿದ್ದ. ಒರೆಸಿ ಒರೆಸಿ ಫ್ರಾಕಿನ ತೋಳೆಲ್ಲ ಬೆಳ್ಳಗೆ. ಈಗ ಅವನು ಅದೇ ಕಿವುಡು ಮಕ್ಕಳ ಶಾಲೆಯಲ್ಲಿ ಮರಗೆಲಸದ ಮೇಷ್ಟ್ರು. ಸಿನಿಮಾ ತೋರಿಸುವ ಏರ್ಪಾಡು ಅವನದ್ದೇ. ಹಾಲ್‌ಗೆ ಬೆಂಚೂ ಅವನೇ ಮಾಡುತ್ತಿದ್ದಾನಂತೆ.

"ಮೊದ್ಲೇ ಹೇಳಬಾರ್ದಿತ್ತಾ?"

"ನೀವು ಕೇಳ್ಲಿಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಗ್ಯಾಸ್ ಬಂತು ಅನ್ನುವಷ್ಟೇ ಸಹಜವಾಗಿ. ಅದಕ್ಕೇ ನಾಟಿತು.

ಮಾರ್ಚ್ 14, ಶುಕ್ರವಾರ

ಇವತ್ತು ಬರೆಯಲಾರೆ. ನನ್ನ ಕೈಯಿಂದಲೇ ಆಯಿತು. ಮತ್ತೆ ನನ್ನ ಕೈಯಿಂದಲೇ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 7

ಇವತ್ತು ಅರ್ಧ ಬಟ್ಟಲು ಸೂಪ್ ಕುಡಿದಳು. ಬರೆಯುವಷ್ಟು ಧೈರ್ಯ ಬಂದಿದೆ.

ಶುಕ್ರವಾರ ಡಾಕ್ಟರು ಒಂದು ರಿಯಾಯಿತಿ ಕೊಟ್ಟಿದ್ದರು. ಐದು ನಿಮಿಷ, ಕಡಿಮೆ ಬೆಳಕಿನಲ್ಲಿ, ಪರದೆ ನೋಡಬಹುದು. ಮಗುವಿನ ಹಾಗೆ ಖುಷಿಪಟ್ಟಳು. ಪಟ್ಟಿ ತೆಗೆದು, ಹತ್ತರ ಬೆಳಕಿನಲ್ಲಿ, ನಾನು ಬರೆದ ಸಾಲುಗಳನ್ನು ಓದಿದಳು. "ಅತ್ತೆ, 'ಬಾತುಕೋಳಿ ಅಸಮಾಧಾನದಿಂದ ಕೂಗುತ್ತದೆ' ಅಂತ ಬರೆದಿದೀರಲ್ಲ!" ಅಂತ ನಗುತ್ತಾ ಪರದೆಗೆ ಮುಖ ಹತ್ತಿರ ತಂದಳು. ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದು ಮೂಲೆಯಲ್ಲಿ ತೋರಿಸುತ್ತಿತ್ತು. ಚಾರ್ಜರ್ ಚುಚ್ಚಿದೆ.

ಬೆಳಕು ಭಗ್ಗನೆ ನೂರಕ್ಕೆ ಹೋಯಿತು. ಅವಳ ಮುಖ ಅರ್ಧ ಗೇಣು ದೂರದಲ್ಲಿತ್ತು.

ಕೂಗಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮಗ್ಗುಲಾದಳು. ವಾಂತಿ. ಆಸ್ಪತ್ರೆ. ಇಂಜೆಕ್ಷನ್. ಹಾನಿ ಏನೂ ಆಗಿಲ್ಲ, ನೋವು ಮಾತ್ರ ಕೆರಳಿದೆ, ನಾಲ್ಕು ದಿನ ಯಾವುದೂ ಬೇಡ, ಕೇಳುವುದೂ ಬೇಡ, ಅಂದರು.

ನಾಲ್ಕು ದಿನ ಲ್ಯಾಪ್‌ಟಾಪ್ ನನ್ನ ಕೋಣೆಯಲ್ಲಿ, ಟವೆಲ್ ಮುಚ್ಚಿಕೊಂಡು.

ಮಧ್ಯಾಹ್ನ 3

ಹೇಳಿಬಿಟ್ಟೆ.

ಒದ್ದೆ ಬಟ್ಟೆ ಹಣೆಗೆ ಹಾಕುತ್ತಿದ್ದೆ. ಕತ್ತಲೆ. ಮುಖ ಕಾಣದಿದ್ದರೆ ಹೇಳುವುದು ಸುಲಭ. ಎಕ್ಸ್‌ಚೇಂಜಿನಲ್ಲಿ ಅದನ್ನು ಬೇಕಾದಷ್ಟು ನೋಡಿದ್ದೇನೆ.

"ಚಾರ್ಜರ್ ಒಂದೇ ಅಲ್ಲ ಕಣೇ. ಅವತ್ತು ಕಪಾಟಿನ ಬಾಗಿಲು ತೆಗೆದಿಟ್ಟಿದ್ದೂ ನಾನೇ."

"ಗೊತ್ತು ಅತ್ತೆ."

"ಗೊತ್ತಾ?"

"ಮನೇಲಿರೋರು ಇಬ್ರು. ನಾನಲ್ಲ ಅಂದ್ಮೇಲೆ ಬಾತುಕೋಳಿ ಬಂದು ತೆಗೀತಾ?"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀವು ಊಟ ಬಿಡ್ತಿದ್ರಿ. ಆಮೇಲೆ ನಂಗೆ ಸೂಪ್ ಮಾಡೋರ್ಯಾರು?"

ಒದ್ದೆ ಬಟ್ಟೆ ನನ್ನ ಕಣ್ಣಿಗೇ ಒತ್ತಿಕೊಂಡೆ. ಅವಳಿಗೆ ಕಾಣಲಿಲ್ಲ. ಆದರೆ ಮೂಗು ಎಳೆದದ್ದು ಕೇಳಿಸಿರಬೇಕು. "'ಅತ್ತೆ ಅಳುತ್ತಾರೆ' ಅಂತ ಕೆಳಗೆ ಹಾಕ್ಲಾ?" ಅಂದಳು.

ಬೆರಳು ಕೊಟ್ಟರೆ ಕೈ ನುಂಗುವವಳು!

ಮಾರ್ಚ್ 19, ಬುಧವಾರ. ಬೆಳಿಗ್ಗೆ 10.30

ಅಂಗಡಿಗೇ ಹೋದೆ, ಲ್ಯಾಪ್‌ಟಾಪ್ ಎದೆಗವುಚಿಕೊಂಡು. ಎರಡು ಬಸ್ಸು. ರಿಪೇರಿಯಾಕೆ ನಾನು ಊಹಿಸಿದ್ದಕ್ಕಿಂತ ಕುಳ್ಳು, ಕೊರಳಲ್ಲಿ ಭೂತಗನ್ನಡಿ. ಮೇಜಿನ ತುಂಬ ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪುಗಳು. ನಡೆದದ್ದು ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ನಾನು ಹೇಳ್ಬೇಕಿತ್ತು ಅಮ್ಮಾ. ಬ್ಯಾಟರೀಲಿ ಇದ್ದಾಗ ಒಂದು ಬ್ರೈಟ್‌ನೆಸ್, ಕರೆಂಟಲ್ಲಿ ಇದ್ದಾಗ ಇನ್ನೊಂದು. ಎರಡನ್ನೂ ಬೇರೆ ಬೇರೆ ನೆನಪಿಟ್ಕೊಂಡಿರುತ್ತೆ. ನೀವು ತಗ್ಗಿಸಿದ್ದು ಬ್ಯಾಟರೀದು ಮಾತ್ರ."

ಅಂದರೆ ಚಾರ್ಜರ್ ಚುಚ್ಚಿ, ಅದು ನೂರಕ್ಕೆ ಹಾರಿದಾಗ, ಅಲ್ಲೇ ಮತ್ತೊಮ್ಮೆ ಗೆರೆ ಎಳೆದು ಹತ್ತಕ್ಕೆ ತರಬೇಕು. ಒಂದೇ ಸಲ. ಆಮೇಲೆ ನೆನಪಿಟ್ಟುಕೊಳ್ಳುತ್ತದೆ. ಅವಳೆದುರೇ ಮಾಡಿದೆ. ಚುಚ್ಚಿದೆ, ತೆಗೆದೆ. ಚುಚ್ಚಿದೆ, ತೆಗೆದೆ. ಹದಿನಾಲ್ಕು ಸಲ. ಹತ್ತು ಹತ್ತೇ ಇತ್ತು.

"ಸಾಕಮ್ಮಾ, ಪಿನ್ನು ಸವೆದು ಹೋಗುತ್ತೆ."

ಆದರೂ ಒಂದು ನಿಯಮ ಮಾಡಿಕೊಂಡಿದ್ದೇನೆ. ಇನ್ನು ಚಾರ್ಜರ್ ಚುಚ್ಚುವುದು ಹಾಲ್‌ನಲ್ಲಿ. ಮುಚ್ಚಳ ಮುಚ್ಚಿಯೇ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ

ಮತ್ತೆ ಶುರುವಾಗಿ ಮೂರು ದಿನ. ಡಾಕ್ಟರ ಒಪ್ಪಿಗೆ ಇದೆ, ಕೇಳಲು ಮಾತ್ರ. ನೋಡುವ ಮಾತೇ ಇಲ್ಲ. ಅವಳೂ ಕೇಳಲಿಲ್ಲ.

ಕೆಲಸದ ಕ್ರಮ ಬದಲಾಯಿಸಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೊಬ್ಬಳೇ ಕೂತು, ಹೆಡ್‌ಫೋನ್ ಹಾಕಿಕೊಂಡು, ಐದಾರು ನಿಮಿಷದ ಸಿನಿಮಾ ಪೂರ್ತಿ ಬರೆದಿಡುತ್ತೇನೆ. ಅಲ್ಲಿ ಬೆಳಕು ಎಂಬತ್ತು, ನನ್ನ ಕಣ್ಣಿಗೂ ಸುಖ. ಆಮೇಲೆ ಹತ್ತಕ್ಕೆ ಇಳಿಸಿ ಅವಳ ಕೋಣೆಗೆ. ಓದುತ್ತೇನೆ, ಅವಳು ತಿದ್ದುತ್ತಾಳೆ. ಅವಳ ಇಪ್ಪತ್ತು ನಿಮಿಷ ಈಗ ತಿದ್ದುವುದಕ್ಕಷ್ಟೇ. ಹೀಗೆ ದಿನಕ್ಕೆ ಐದಾರು ನಿಮಿಷ ಮುಗಿಯುತ್ತಿದೆ. ಅಡುಗೆ ಕೆಡುತ್ತಿದೆ. ಇವತ್ತು ಮೊಟ್ಟೆ ಇದ್ದಿಲು.

ಮಗನ ಫೋನ್ ಬಂತು. ಲೈನಿನಲ್ಲಿ ಇಂಜಿನ್ ಗುಡುಗು. ಹೆಂಡತಿಯ ಹತ್ತಿರ ಸಣ್ಣ ಧ್ವನಿಯಲ್ಲಿ ಮಾತಾಡಿ, ಆಮೇಲೆ ನನ್ನ ಹತ್ತಿರ, "ಅಮ್ಮಾ, ಇಬ್ರೂ ಹೇಗಿದೀರಾ? ಬೇಜಾರಾಗ್ತಿದೆಯಾ?"

"ಬೇಜಾರಿಗೆ ಪುರುಸೊತ್ತಿಲ್ಲ. ಬಾತುಕೋಳಿ ರೈಲು ಹತ್ತುತ್ತೋ ಇಲ್ವೋ ನೋಡ್ಬೇಕು. ಇಡು ಫೋನು."

"ಯಾವ ಬಾತುಕೋಳಿ? ಅಮ್ಮಾ? ಅವಳಿಗಲ್ವಾ ತಲೆಗೆ ಪೆಟ್ಟು ಬಿದ್ದಿದ್ದು?"

ಮಾರ್ಚ್ 26, ಬುಧವಾರ. ಸಂಜೆ 5

ಸಬ್‌ಟೈಟಲ್ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ್ದ. ನಾನೇ ಎತ್ತಿದೆ. ಅವನ ಧ್ವನಿ ಜೇನು.

"ಮೇಡಂಗೆ ಹುಷಾರಿಲ್ಲ ಅಂತ ಕೇಳ್ದೆ. ತೊಂದ್ರೆ ತಗೋಬೇಡಿ, ಮೆಷಿನ್‌ದೇ ಹಾಕ್ತೀವಿ. ಮಕ್ಕಳ ಸಿನಿಮಾ ಅಲ್ವಾ, ಹೆಚ್ಚು ಕಮ್ಮಿ ನಡೆಯುತ್ತೆ."

"ನಡೆಯಲ್ಲ" ಅಂದೆ.

"ಹಾಗಲ್ಲಮ್ಮಾ, ಟೈಮ್..."

"ಒಂದನೇ ತಾರೀಕು ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಕೈಲಿರುತ್ತೆ. ಅಲ್ಲೀವರೆಗೂ ಮೆಷಿನ್‌ಗೂ ಒಂದು ರಜೆ ಕೊಡಿ, ಪಾಪ."

ಫೋನ್ ಇಟ್ಟಮೇಲೆ ಲೆಕ್ಕ ಹಾಕಿದೆ. ಇನ್ನೂ ಇಪ್ಪತ್ತೆರಡು ನಿಮಿಷ ಬಾಕಿ. ಒಳಗಿಂದ ಸೊಸೆ ಕೇಳಿಸಿಕೊಂಡಿದ್ದಳು. "ಅತ್ತೆ, ನಿಮಗೆ ಹುಚ್ಚಾ?"

"ಹೌದು ಹೌದು" ಅಂದೆ, ಮೆಷಿನ್ನಿನ ಬಾತುಕೋಳಿಯ ಹಾಗೆ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ 1

ಕೊನೆಯ ನಾಲ್ಕು ನಿಮಿಷ. ಕೊನೆಯ ರೈಲು ಹೋಯಿತು. ಬಾತುಕೋಳಿ ಹತ್ತಲಿಲ್ಲ. ಮಾಸ್ತರೂ ಹತ್ತಲಿಲ್ಲ. ಇಬ್ಬರೂ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾರೆ. ಒಂದು ನಿಮಿಷ ಹತ್ತು ಸೆಕೆಂಡು ಮಾತಿಲ್ಲ, ಸಂಗೀತವಿಲ್ಲ.

"ಇಲ್ಲಿ ಏನೂ ಹಾಕೋದು ಬೇಡ" ಅಂದಳು. "ಆದ್ರೆ ಅಷ್ಟು ಹೊತ್ತು ಖಾಲಿ ಬಿಟ್ರೆ ಮಕ್ಕಳಿಗೆ ಅಕ್ಷರ ಕೆಟ್ಟೋಯ್ತು ಅನ್ಸುತ್ತೆ. 'ಮೌನ' ಅಂತ ಹಾಕಿಬಿಡಿ."

ನನಗೆ ಒಪ್ಪಿಗೆಯಾಗಲಿಲ್ಲ. ಮೌನ ಅಂದರೆ ಏನೂ ಹೇಳದ ಹಾಗೆ, ಅಡ್ಡಗೋಡೆಯ ಮೇಲೆ ದೀಪ. ಲೈನಿನಲ್ಲಿ ಯಾರೂ ಮಾತಾಡದೆ ಇದ್ದರೂ ಪ್ರತಿ ಮೌನಕ್ಕೂ ಒಂದೊಂದು ಸದ್ದು ಇರುತ್ತಿತ್ತು. ಫ್ಯಾನು, ಉಸಿರು, ಬೀದಿ. ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದೆ. ಮತ್ತೆ ಕೇಳಿದೆ. ಐದನೇ ಸಲ ಗೊತ್ತಾಯಿತು.

"ಗಡಿಯಾರ ನಿಂತಿದೆ ಕಣೇ."

"ಯಾವ ಗಡಿಯಾರ?"

"ಸ್ಟೇಷನ್‌ದು. ಮೊದಲಿಂದ್ಲೂ ಟಿಕ್ ಟಿಕ್ ಅಂತಿತ್ತಲ್ಲ, ಮಾತಿನ ಹಿಂದೆ. ಇಲ್ಲಿ ಇಲ್ಲ. ರೈಲು ಹೋದ್ಮೇಲೆ ಅವನು ಅದಕ್ಕೆ ಕೀ ಕೊಟ್ಟಿಲ್ಲ."

ಹೆಡ್‌ಫೋನ್ ಒಂದು ಕಿವಿ ಅವಳಿಗೆ, ಒಂದು ಕಿವಿ ನನಗೆ. ತಲೆಗೆ ತಲೆ ತಾಗಿಸಿ ಕೂತು ಕೇಳಿದೆವು. ಹತ್ತು ಸಲ ಈ ಸಿನಿಮಾ ನೋಡಿದ್ದಾಳಂತೆ ಮೊದಲು. ಗಮನಿಸಿಯೇ ಇರಲಿಲ್ಲವಂತೆ. ಆಮೇಲೆ ಮೆತ್ತಗೆ, "ಹಾಗೇ ಬರೀರಿ ಅತ್ತೆ. 'ಗಡಿಯಾರದ ಸದ್ದು ನಿಂತಿದೆ.' ಅಷ್ಟೇ. ಇನ್ನೇನೂ ಬೇಡ" ಅಂದಳು.

ಏಪ್ರಿಲ್ 1, ಮಂಗಳವಾರ. ಮಧ್ಯಾಹ್ನ 12.40

ಕಳಿಸಿದೆವು. ಕಳಿಸುವ ಗುಂಡಿ ಅವಳ ಬೆರಳು ಹಿಡಿದು ಒತ್ತಿಸಿದೆ. ಇಪ್ಪತ್ತು ನಿಮಿಷ ಉಳಿಸಿಕೊಂಡು. ಮ್ಯಾನೇಜರ್ 'ಥ್ಯಾಂಕ್ಸ್' ಅಂತ ಒಂದೇ ಪದ ಬರೆದ. ಒಂದು ಸಾಲು, ನಿಯಮದ ಪ್ರಕಾರವೇ.

ಇನ್ನು ಮಧ್ಯಾಹ್ನವಿಡೀ ಇಬ್ಬರಿಗೂ ನಿದ್ದೆ.

ಏಪ್ರಿಲ್ 5, ಶನಿವಾರ. ಸಂಜೆ 6

ಹೋಗಿದ್ದೆವು. ಡಾಕ್ಟರು ಸೊಸೆಗೆ ಹೊರಗೆ ಹೋಗಲು ಬಿಟ್ಟಿದ್ದರು, ಕಪ್ಪು ಕನ್ನಡಕ, ಟೋಪಿ, ಪರದೆಗೆ ಬೆನ್ನು ಎಂಬ ಕರಾರಿನ ಮೇಲೆ. ಅವಳು ಮುಂದಿನ ಬೆಂಚಿನಲ್ಲಿ ಹಿಂದುಮುಂದಾಗಿ ಕೂತಳು. ಎಲ್ಲರೂ ಸಿನಿಮಾ ನೋಡಿದರೆ ಅವಳು ಮಕ್ಕಳನ್ನು ನೋಡಿದಳು. ನಾನೂ ಸ್ವಲ್ಪ ಹೊತ್ತಿಗೆ ಹಾಗೇ ತಿರುಗಿದೆ.

ತೊಂಬತ್ತು ಮಕ್ಕಳು ಇದ್ದಾರು. ಜೊತೆಗೆ ಕಿವಿ ಕೇಳುವ ಅಪ್ಪ ಅಮ್ಮಂದಿರು. ನಗುವ ಜಾಗ ಬಂತು ಅನ್ನಿ — ಮಕ್ಕಳು ಒಂದು ಸೆಕೆಂಡು ಮೊದಲೇ ನಗುತ್ತಿದ್ದರು! ಮಾತು ಬಾಯಿಂದ ಪೂರ್ತಿ ಬರುವಷ್ಟರಲ್ಲಿ ಅವರು ಓದಿ ಆಗಿರುತ್ತಿತ್ತು. ದೊಡ್ಡವರು ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತಿದ್ದರು. ಮಕ್ಕಳು ಅವರ ಕಡೆ ತಿರುಗಿ ನೋಡುತ್ತಿದ್ದರು, 'ಈಗ ಗೊತ್ತಾಯ್ತಾ?' ಅನ್ನುವ ಹಾಗೆ. 'ಬಾತುಕೋಳಿ ಅಸಮಾಧಾನದಿಂದ ಕೂಗುತ್ತದೆ' ಬಂದಾಗ ಮುಂದಿನ ಸಾಲಿನ ಒಬ್ಬಳು ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರಿದಳು. ನಾನು ಬರೆದದ್ದು ಅದು. ನಾನು.

ಕೊನೆಗೆ ಗಡಿಯಾರದ ಸಾಲು ಬಂತು. ದೊಡ್ಡವರು ಸುಮ್ಮನೆ ನೋಡುತ್ತಿದ್ದರು, ಕೆಲವರು ಚಪ್ಪಲಿ ಹುಡುಕುತ್ತಿದ್ದರು. ಮಕ್ಕಳು ಅಲುಗಲಿಲ್ಲ. ಒಬ್ಬರೂ ಅಲುಗಲಿಲ್ಲ.

ದೀಪ ಹಾಕುವ ಮೊದಲೇ ಸೊಸೆಯ ತಮ್ಮ ಬಂದ. ತೋಳಿನ ಮೇಲೆಲ್ಲ ಮರದ ಹೊಟ್ಟು. ಅಕ್ಕನನ್ನು ತಬ್ಬಿಕೊಂಡ. ಆಮೇಲೆ ನನ್ನ ಮುಂದೆ ನಿಂತು ಕೈಯಲ್ಲಿ ಏನೋ ಹೇಳಿದ, ನಿಧಾನವಾಗಿ, ನಾನು ದಡ್ಡಿ ಎಂದು ಗೊತ್ತಿದ್ದವನ ಹಾಗೆ. ಸೊಸೆ ಬಿಡಿಸಿ ಹೇಳಿದಳು.

"ಸದ್ದು ಆಗಿದ್ದನ್ನ ಎಲ್ರೂ ಹೇಳ್ತಾರಂತೆ ಅತ್ತೆ. ಸದ್ದು ನಿಂತಿದ್ದನ್ನ ಇದುವರೆಗೂ ಯಾರೂ ಹೇಳಿರ್ಲಿಲ್ವಂತೆ."

ಆ ಭಾಷೆಯಲ್ಲಿ ನನಗೆ ಒಂದು ಪದವೂ ಬರುವುದಿಲ್ಲ. ಮದುವೆಯ ದಿನದ ಹಾಗೆ ಕೈಮುಗಿದು ಆಚೆ ಹೋಗುವುದಂತೂ ಆಗಲಿಲ್ಲ. "ಥ್ಯಾಂಕ್ಸ್ ಅನ್ನೋದು ಹೇಗೆ?" ಎಂದು ಸೊಸೆಯನ್ನು ಕೇಳಿದೆ. ಅವಳು ಹೇಳಿಕೊಡುವ ಮೊದಲೇ ಅವನು ನನ್ನ ಕೈ ಹಿಡಿದು, ಬೆರಳ ತುದಿ ನನ್ನ ಗಲ್ಲಕ್ಕೆ ಮುಟ್ಟಿಸಿ, ಅವನ ಕಡೆಗೆ ತಂದ.

ಎರಡು ಸಲ ಮಾಡಿದೆ. ಮೂರನೆಯ ಸಲ ಅವನು ಕೈಸನ್ನೆಯಲ್ಲೇ ಸಾಕು ಅಂದ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11

ಅರ್ಧರ್ಧ ಗಂಟೆ ಪರದೆ ನೋಡಬಹುದು ಎಂದಿದ್ದಾರೆ. ನಲವತ್ತಕ್ಕೆ ಇಟ್ಟುಕೊಟ್ಟೆ. ಬೆಳಕು ಹೆಚ್ಚಾಯಿತಾ ಅಂದರೆ "ಚೆನ್ನಾಗಿದೆ, ಹೋಗಿ" ಅಂದಳು. ಬಂದೆ. ಬಟ್ಟೆ ಮಡಿಚಿದೆ. ಮಡಿಚಿದ್ದನ್ನೇ ಮತ್ತೊಮ್ಮೆ ಮಡಿಚಿದೆ. ಮನೆ ಬಹಳ ಸದ್ದಿಲ್ಲದೆ ಇದೆ. ಅವಳಿಗೆ ವಾಸಿಯಾಗಲಿ ಅಂತ ತಾನೇ ಇಷ್ಟು ದಿನ... ಮತ್ತೆ ಈ ಸಣ್ಣಬುದ್ಧಿ ಯಾಕೆ? ಮುದಿ ಮನಸ್ಸು.

11.25

ಬಂದು ಬಾಗಿಲಲ್ಲಿ ನಿಂತಿದ್ದಳು. ಹೊಸ ಕೆಲಸ ಬಂದಿದೆಯಂತೆ, ಕೋರ್ಟಿನ ಕಥೆ, ಆರು ಭಾಗ. ಮ್ಯಾನೇಜರಿಗೆ ಬರೆದೂ ಆಗಿದೆಯಂತೆ, ನಾವು ಇಬ್ಬರು ಮಾಡುತ್ತೇವೆ ಎಂದು.

"ನನ್ನ ಕೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ರಿ. ಆಮೇಲೆ ಹೂಂ ಅಂತಿದ್ರಿ. ಟೈಮ್ ಉಳಿಸ್ದೆ."

ಬರುವುದಿಲ್ಲ, ನನಗೆ ಬೇರೆ ಕೆಲಸವಿದೆ ಎಂದು ಹೇಳಿ ಕಳಿಸಿದೆ. ಸ್ವಲ್ಪ ಬೆಲೆ ಇಟ್ಟುಕೊಳ್ಳಬೇಕು.

ಈಗ ಕರೆಯುತ್ತಿದ್ದಾಳೆ. ಮೂರು ವಕೀಲರು ಒಟ್ಟಿಗೆ ಕಿರುಚುತ್ತಿದ್ದಾರಂತೆ, ಯಾರು ಏನೆಂದರು ತಿಳಿಯುತ್ತಿಲ್ಲವಂತೆ. ಎರಡನೇ ಸಲ ಕರೆದಳು. ಬಂದೆ ಎಂದು ಇಲ್ಲಿಂದ ಕೂಗಿದರೆ ಕೇಳುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡಿದ್ದಾಳೆ. ಈ ಪುಟ ಮುಗಿಸಿ —